ಪಿಳ್ಳಪ್ಪನವರಿಗೆ ಕೂಡಿಬಾರದ ಕಾಲ
ಸಿದ್ದಾಪುರದ ಮನೆ ಓನರ್ ಪಿಳ್ಳಪ್ಪನವರ ಪಂಚಾಂಗದಲ್ಲಿ ಸೂರು ಬದಲಿಸಲು ತಕ್ಕ ಕಾಲವೇ ಇಲ್ಲವೆಂದು, ಅವರ ಮಹಡಿ ಮೇಲಿನ ಶೀಟ್ ಮನೆಯಲ್ಲಿ ಬಾಡಿಗೆಗಿದ್ದ ವನಜಾಕ್ಷಿಗೆ ಖಾತ್ರಿಯಾಗಿತ್ತು. ಮಳೆಗಾಲದಲ್ಲಿ ಕೇಳಿದರೆ, "ಮಳೇಲಿ ಯಾರಾದ್ರೂ ಸೂರು ಬಿಚ್ತಾರೇನಮ್ಮ?" ಎನ್ನುವರು. ಬೇಸಿಗೆಯಲ್ಲಿ ಕೇಳಿದರೆ, "ಈಗೆಲ್ಲಿ ಸೋರ್ತಿದೆ?" ಆಷಾಢ ಆಗಿಬರದು, ಧನುರ್ಮಾಸ ಕೂಡದು, ದೀಪಾವಳಿಗೆ ಕೆಲಸದವರು ಊರಿಗೆ ಹೋಗಿರುತ್ತಾರೆ, ಚಳಿಗಾಲದ ಇಬ್ಬನಿಯಲ್ಲಿ ಕಾಲು ಜಾರುತ್ತದಂತೆ. ಹೇಳುವಾಗೆಲ್ಲ ಅಂಗೈಯನ್ನು ಹಣೆಗಿಟ್ಟು ಮುಗಿಲು ನೋಡುವರು, ಹವಾಮಾನ ಇಲಾಖೆಯೇ ತಮ್ಮದೆಂಬಂತೆ. ಈ ಸಲ ಮಗಳ ಪುಸ್ತಕಗಳೆಲ್ಲ ನೆನೆದು ಮುದ್ದೆಯಾದಾಗ ವನಜಾಕ್ಷಿಯ ತಾಳ್ಮೆ ಮುಗಿಯಿತು. ಬಿಸಿಲು ಕಂಡ ಮೊದಲ ದಿನವೇ ತಾನೇ ಹೋಗಿ ಮೇಸ್ತ್ರಿಯನ್ನು ಕರೆತಂದು, "ಇವತ್ತೇ ಒಳ್ಳೇ ಕಾಲ, ಹತ್ತಿ ಅಣ್ಣ" ಎಂದಳು. ಪಿಳ್ಳಪ್ಪನವರು ಬೈಯುತ್ತ ಓಡಿಬಂದರು. ಆದರೆ ಮೇಸ್ತ್ರಿ ಏರತೊಡಗಿದ್ದೇ ತಡ, ಬೈಗುಳ ನಿಲ್ಲಿಸಿ ಏಣಿಯನ್ನು ಎರಡೂ ಕೈಯಲ್ಲಿ ತಬ್ಬಿ ನಿಂತರು. "ಹಳೇ ಮನೆಗೆ ಹೆಂಚು ಹಾಕುವಾಗ ನನ್ನ ತಮ್ಮ ಮೇಲಿಂದ ಬಿದ್ದು ತೀರ್ಕೊಂಡ. ಕೆಳಗೆ ನಾನೇ ನಿಂತಿದ್ದೆ" ಎಂದರು. "ಮೊದ್ಲೇ ಹೇಳ್ಬಾರ್ದಿತ್ತಾ ಅಂಕಲ್?" ಎಂದು ವನಜಾಕ್ಷಿ ಗದರಿದಳು. ಅವಳ ಸಿಟ್ಟೇನೂ ಇಳಿದಿರಲಿಲ್ಲ, ಆದರೂ ಹೋಗಿ ಏಣಿಯ ಇನ್ನೊಂದು ಪಕ್ಕ ಹಿಡಿದು ನಿಂತಳು.