ರೇಷ್ಮೆ ಬೆಂದ ನೀರು

ಉಳಿತಾಯ ಕಲಿಯಬೇಕಾದರೆ ನಾಗರಾಜಪ್ಪನ ಮನೆಗೆ ಹೋಗಿ ನೋಡಿ ಎಂದು ಮೊಳಕಾಲ್ಮುರಿನ ನೇಕಾರರ ಕೇರಿಯ ಗಂಡಸರು ಹೇಳುತ್ತಿದ್ದರು. ಆ ಮನೆಯಲ್ಲಿ ಒಲೆ ಹಚ್ಚುತ್ತಿದ್ದವಳು ಅವನ ಹೆಂಡತಿ ಗೋವಿಂದಮ್ಮ. ಅವಳನ್ನೂ ಒಂದು ಮಾತು ಕೇಳಿ ಎಂದು ಯಾರೂ ಹೇಳಲಿಲ್ಲ.

ರಾಯದುರ್ಗದ ಕಡೆಯಿಂದ ಹದಿಮೂರರ ವಯಸ್ಸಿನಲ್ಲಿ ಬಂದ ಹುಡುಗಿ ಅವಳು. ತೆಲುಗು ಬೆರೆತ ಕನ್ನಡ ಆಡುತ್ತ, ರಾಟೆ ತಿರುಗಿಸಿ ರೇಷ್ಮೆ ಸುತ್ತುತ್ತ, ಆರು ಹೆತ್ತು ಮೂರನ್ನು ಮಣ್ಣಿಗಿಟ್ಟು, ನಲವತ್ತು ದಾಟುವ ಹೊತ್ತಿಗೆ ಬೆನ್ನು ಬಾಗಿದವಳು. ಇಷ್ಟೇ ಆಗಿದ್ದರೆ ಅವಳ ಕಥೆ ಕೇರಿಯ ಎಲ್ಲ ಹೆಂಗಸರ ಕಥೆಯೂ ಆಗುತ್ತಿತ್ತು. ಆದರೆ ಜರ್ಮನಿಯ ಯುದ್ಧ ಬಂತು. ಸೀಮೆಎಣ್ಣೆಯ ಡಬ್ಬಿ ಅಂಗಡಿಯಲ್ಲಿ ಕಾಣಿಸುವುದೇ ಅಪರೂಪವಾಯಿತು. ಗುಡ್ಡದ ಸೌದೆಗೆ ಕಾವಲು ಬಿತ್ತು. ನಾಗರಾಜಪ್ಪನಿಗೆ ಬುದ್ಧಿ ಚುರುಕಾದದ್ದು ಆಗಲೇ.

ಮೊದಲು ಮಗ್ಗದ ಕೋಣೆಗೂ ಅಡಿಗೆಮನೆಗೂ ನಡುವಿನ ಗೋಡೆಗೆ ಒಂದು ಕಿಂಡಿ ಕೊರೆಸಿದ. ಅದರಲ್ಲಿ ಒಂದೇ ದೀಪ. ಒಂದು ದೀಪಕ್ಕೆ ಎರಡು ಕೋಣೆ ಬೆಳಗುತ್ತವೆ ಎಂದು ಬಂದವರಿಗೆಲ್ಲ ತೋರಿಸಿದ. ದೀಪದ ಮುಖ ಮಗ್ಗದ ಕಡೆಗಿತ್ತು. ಅಡಿಗೆಮನೆಗೆ ಬೀಳುತ್ತಿದ್ದದ್ದು ಅದರ ಬೆನ್ನಿನ ಕತ್ತಲೆ ಮತ್ತು ಮಸಿ. ಗೋವಿಂದಮ್ಮ ಕೈಯಿಂದ ತಡವಿ ಬೇಳೆ ತೊಳೆದಳು, ಬೆರಳದ್ದಿ ಸಾರಿನ ಹದ ನೋಡಿದಳು. ಸಾರಿನಲ್ಲಿ ಜಿರಲೆ ಬಿದ್ದಿದ್ದರೆ ಉಣ್ಣುವಾಗ ಹಲ್ಲಿಗೆ ಸಿಕ್ಕಿದ ಮೇಲೆಯೇ ತಿಳಿಯುತ್ತಿತ್ತು. ಆಗ ಬೈಗುಳವೂ ಅವಳಿಗೇ.

ಆಮೇಲೆ ದಿನಕ್ಕೊಂದೇ ಹೊತ್ತು ಒಲೆ ಎಂದ. ಬೆಳಿಗ್ಗೆಯ ಮುದ್ದೆ ಸಂಜೆಗೆ ಕಲ್ಲಾಗುತ್ತಿತ್ತು. ಬೆಂಕಿಕಡ್ಡಿ ಗೀರಬಾರದು, ಪಕ್ಕದ ಮನೆಯ ಹೊನ್ನಕ್ಕನ ಒಲೆಯಿಂದ ಕೆಂಡ ತರಬೇಕು ಎಂದ. ಕೆಂಡ ಕೊಡುವುದು ತರುವುದು ಕೇರಿಯಲ್ಲಿ ಹಿಂದಿನಿಂದ ನಡೆದು ಬಂದದ್ದೇ. ಆದರೆ ತಂದವರು ಎಂದಾದರೂ ಕೊಡಲೂ ಬೇಕು. ನಾಗರಾಜಪ್ಪನ ಮನೆಯಲ್ಲಿ ಕೊಡುವ ಕೆಂಡ ಉಳಿಯುತ್ತಲೇ ಇರಲಿಲ್ಲ. ಗೋವಿಂದಮ್ಮ ತಲೆ ತಗ್ಗಿಸಿ ಬೆರಣಿಯ ಚೂರು ಹಿಡಿದು ಹೋಗಿ ನಿಂತಾಗ ಹೊನ್ನಕ್ಕ ನಗುತ್ತಿದ್ದಳು.

“ಬಾರೆ ತಾಯಿ. ನಿನ್ನ ಗಂಡ ಉಳಿಸೋ ಸೌದೆ ನನ್ನ ಒಲೇಲಿ ಉರೀತೈತೆ.”

ನಾಗರಾಜಪ್ಪ ಉಳಿಸಿದ ಎಂಬುದರ ಒಳಗುಟ್ಟು ಇಷ್ಟೇ. ಬೆಳಕು ಹರಿಯುವ ಮುಂಚೆ ಗೋವಿಂದಮ್ಮ ಬಂಡಿಗಳ ಹಿಂದೆ ಸಗಣಿ ಆಯುತ್ತಿದ್ದಳು. ಮಧ್ಯಾಹ್ನ ಹೊಲದ ಬದುಗಳಲ್ಲಿ ತಂಗಡಿ ಕಡ್ಡಿ, ಜಾಲಿಮುಳ್ಳು ಕೂಡಿಸುತ್ತಿದ್ದಳು. ಅವಳ ಅಂಗಾಲಿನಲ್ಲಿ ಮುರಿದು ಉಳಿದ ಮುಳ್ಳುಗಳು ಕೀವು ಕಟ್ಟಿ ತಾವಾಗಿ ಹೊರಬರುತ್ತಿದ್ದವು. ಇದು ಯಾವುದೂ ಅವನ ಲೆಕ್ಕದಲ್ಲಿ ಖರ್ಚಲ್ಲ. ಪುಕ್ಕಟೆ ಬಂದದ್ದು. ಹೆಂಡತಿಯ ಕಾಲು ಸವೆಯುವುದಕ್ಕೆ ಅಂಗಡಿಯಲ್ಲಿ ದರ ಇಲ್ಲವಲ್ಲ.

ಹಾಗೆಂದು ಆ ಮನೆಯಲ್ಲಿ ಸೌದೆಯೇ ಇರಲಿಲ್ಲ ಎಂದುಕೊಳ್ಳಬೇಡಿ. ಹಿತ್ತಲಿನಲ್ಲಿ ಎದೆಯೆತ್ತರ ಒಟ್ಟಿತ್ತು. ಅದು ರೇಷ್ಮೆಯ ಸೌದೆ. ಹಸಿ ರೇಷ್ಮೆಯನ್ನು ಚೌಳುಮಣ್ಣು ಕದಡಿದ ಕ್ಷಾರದ ನೀರಿನಲ್ಲಿ ಬೇಯಿಸಿ ಅದರ ಅಂಟು ತೆಗೆಯಬೇಕು. ಉರಿ ಕಡಿಮೆಯಾದರೆ ಎಳೆ ಮೆದುವಾಗುವುದಿಲ್ಲ, ಬಣ್ಣ ಹಿಡಿಯುವುದಿಲ್ಲ. ಆದ್ದರಿಂದ ತಾಮ್ರದ ಕೊಪ್ಪರಿಗೆಯ ಕೆಳಗೆ ಧಾರಾಳವಾಗಿ ಬೆಂಕಿ. ಮನೆಯ ಮನುಷ್ಯರಿಗೆ ಆ ಸೌದೆ ಮುಟ್ಟುವ ಅಪ್ಪಣೆ ಇರಲಿಲ್ಲ.

ಇಷ್ಟನ್ನೆಲ್ಲ ಗೋವಿಂದಮ್ಮ ನುಂಗಿಕೊಂಡಳು. ನುಂಗಿದ್ದು ತಪ್ಪೋ ಸರಿಯೋ, ಅವಳಿಗೆ ಬೇರೆ ದಾರಿ ತೋರಿಸಿದವರಿರಲಿಲ್ಲ.

ಚಳ್ಳಕೆರೆಗೆ ಕೊಟ್ಟಿದ್ದ ಹಿರಿಮಗಳು ಈಶ್ವರಮ್ಮ ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ಮಾಗಿಯ ಚಳಿಯಲ್ಲಿ ಹೆಣ್ಣುಕೂಸು ಹುಟ್ಟಿತು. ಬಾಣಂತಿ ಎಂದರೆ ಈ ಸೀಮೆಯಲ್ಲಿ ಎಷ್ಟೇ ಬಡವರ ಮನೆಯಾದರೂ ಹಂಡೆ ತುಂಬ ಸುಡುನೀರು. ಮೈಗೆ ಎಣ್ಣೆ ತಿಕ್ಕಿ, ಸೊಂಟಕ್ಕೆ ಚೊಂಬುಚೊಂಬು ಬಿಸಿನೀರು ಬೀಸಿ ಹೊಯ್ಯಬೇಕು. ಕೇರಿಯ ಬಾಣಂತಿಯರಿಗೆಲ್ಲ ನೀರು ಹಾಕುತ್ತಿದ್ದವಳು ಹೊನ್ನಕ್ಕನೇ. ಮೊದಲ ಮೂರು ದಿನ ಅವಳು ಬಂದು ಹಾಕಿದಳು. ಸುರಿಯುವ ಆವಿಯ ನಡುವೆ ಈಶ್ವರಮ್ಮ ಕಣ್ಣು ಮುಚ್ಚಿ ನರಳಿ, ಆಮೇಲೆ ಗಾಢವಾಗಿ ನಿದ್ದೆ ಹೋದಳು.

ನಾಲ್ಕನೆಯ ದಿನ ಹೊನ್ನಕ್ಕ ಚೊಂಬು ಹಿಡಿದು ಕೂತಿದ್ದಾಗ ನಾಗರಾಜಪ್ಪ ಬಚ್ಚಲ ಬಾಗಿಲಿಗೆ ಬಂದು ನಿಂತ.

“ಏಮೇ, ಹಂಡೆಗೆ ಇಷ್ಟು ಬೆರಣಿ ತುರುಕಿದ್ರೆ ಮನೆ ಉಳೀತೈತಾ?”

“ಬಾಣಂತಿ ನೀರು ಕಣ್ರಿ. ಒಂದು ತಿಂಗಳು ತಡಕೋರಿ.”

“ಕೊಪ್ಪರಿಗೇಲಿ ರೇಷ್ಮೆ ಎತ್ತಿದ ಮೇಲೆ ಅಷ್ಟು ಬಿಸಿನೀರು ಸುಮ್ಮನೆ ಮೋರಿಗೆ ಹೋಗ್ತೈತೆ. ಅದನ್ನ ಹಾಕು.”

ಗೋವಿಂದಮ್ಮನಿಗೆ ಮೊದಲು ಅರ್ಥವೇ ಆಗಲಿಲ್ಲ. “ಆ ಗಬ್ಬು ನೀರನ್ನಾ?”

“ಯಾತರ ಗಬ್ಬು? ಹೊಟ್ಟೆಗೆ ಅನ್ನ ಕೊಡೋ ನೀರು ಅದು. ಕಡ್ಡಿಯಂಗಿರೋ ರೇಷ್ಮೆ ಅದರಾಗೆ ಬೆಂದು ಬೆಣ್ಣೆಯಂಗೆ ಬರ್ತೈತೆ. ಮೈ ಚರ್ಮ ಮೆತ್ತಗಾಗಲ್ವಾ? ಬಿಸಿ ಅಂದ್ರೆ ಬಿಸಿನೇ.”

ಮೂರು ತಲೆಮಾರಿನಿಂದ ರೇಷ್ಮೆಯನ್ನು ಮಾತ್ರ ನೋಡಿದವನ ತರ್ಕ ಅದು. ರೇಷ್ಮೆಗೆ ಒಳ್ಳೆಯದಾದದ್ದು ಮನುಷ್ಯರಿಗೂ ಒಳ್ಳೆಯದು ಎಂದು ಅವನು ನಿಜವಾಗಿಯೂ ನಂಬಿದ್ದ. ನಂಬಿಕೆ ಗಟ್ಟಿಯಿದ್ದರೂ ತಾನು ಮಾತ್ರ ಆ ನೀರಿನಲ್ಲಿ ಒಂದು ದಿನವೂ ಮೀಯಲಿಲ್ಲ. ಅವನಿಗೆ ಬಾವಿಯ ತಣ್ಣೀರೇ ಆರೋಗ್ಯವಂತೆ.

ಆ ನೀರು ಹೇಗಿತ್ತು ಎಂದು ಹೇಳಲೇಬೇಕು. ಮೂಗು ಮುಚ್ಚಿಕೊಂಡು ಓದಿ. ಹಳದಿ ಬಣ್ಣ. ಬೆರಳಿಗೆ ಲೋಳೆಲೋಳೆ. ಮೇಲೆ ನೊರೆಯ ಕೆನೆ. ಗೂಡಿನಲ್ಲಿ ಸತ್ತ ಹುಳುವಿನ ನಾತ, ಅದರ ಮೇಲೆ ಚೌಳಿನ ಕಮಟು. ಆ ನೀರು ಬಿದ್ದ ಮೋರಿಯ ಹತ್ತಿರ ನಾಯಿಯೂ ಮಲಗುತ್ತಿರಲಿಲ್ಲ. ಅದಕ್ಕೆ ಒಂದಿಷ್ಟು ತಣ್ಣೀರು ಬೆರೆಸಿ ಹಸಿ ಬಾಣಂತಿಯ ಮೈಮೇಲೆ ಹೊಯ್ಯಬೇಕಂತೆ.

ಹೊನ್ನಕ್ಕ ಚೊಂಬು ಕೆಳಗಿಟ್ಟು ಎದ್ದಳು. “ನಾನು ಹಾಕಲ್ಲ ಕಣೆ. ಹೊಲಸು ಹಾಕೋಕೆ ಈ ಕೈ ಅಲ್ಲ.”

“ನೀನು ಹೋದ್ರೆ ನಾನೇ ಹಾಕಬೇಕಲ್ಲೆ.”

“ಹಾಕಬ್ಯಾಡ ಅಂತೀನಿ.”

ಗೋವಿಂದಮ್ಮ ಹಾಕಿದಳು. ಗಂಡ ಹೊರಗೆ ಕಟ್ಟೆಯ ಮೇಲೆ ಕೂತು ಯಾವ ನೀರು ಒಳಗೆ ಹೋಗುತ್ತದೆಂದು ನೋಡುತ್ತಿದ್ದ. ಮಗಳು “ಅವ್ವಾ, ಉರೀತೈತೆ” ಎಂದಳು. ತಾಯಿ ಕೇಳಿಸದವಳಂತೆ ಇನ್ನೊಂದು ಚೊಂಬು ಎತ್ತಿದಳು. ಮುಂದಿನ ಬದುಕಿನಲ್ಲಿ ಗೋವಿಂದಮ್ಮ ಗಂಡನ ಬಗ್ಗೆ ಎಷ್ಟು ಅಸಹ್ಯಪಟ್ಟಳೋ, ಆ ಒಂದು ಚೊಂಬಿನ ಬಗ್ಗೆ ತನ್ನ ಮೇಲೆಯೂ ಅಷ್ಟೇ ಅಸಹ್ಯಪಟ್ಟಳು.

ಕೂಸಿಗೂ ಅದೇ ನೀರು. ವಾರ ಕಳೆಯುವುದರೊಳಗೆ ಅದರ ತೊಡೆಸಂದಿಯ ಚರ್ಮ ಸುಲಿದು ಕೆಂಪಾಯಿತು. ಕತ್ತಿನ ಮಡಿಕೆಯಲ್ಲಿ ರಸಿಗೆ. ಬಟ್ಟೆ ತಾಗಿದರೆ ಸಾಕು, ದನಿ ಒಡೆಯುವ ತನಕ ಅಳುತ್ತಿತ್ತು. ಈಶ್ವರಮ್ಮನ ಮೈಚರ್ಮ ಹೊಲಿಗೆ ಹಾಕಿದಂತೆ ಬಿಗಿದು ಬಿರಿಯಿತು, ಎದೆಹಾಲು ಕುಡಿಸುವಾಗ ಕೂಸು ಆ ನಾತಕ್ಕೆ ಮುಖ ತಿರುಗಿಸಿತು. ಹಾಲು ಕುಡಿಯದ ಕೂಸು ದಿನೇ ದಿನೇ ಕಡ್ಡಿಯಾಯಿತು.

“ನಾಯನಾ, ನನಗೆ ಬ್ಯಾಡ. ಕೂಸಿಗಾದರೂ ಒಂದು ತಂಬಿಗೆ ಒಳ್ಳೆ ನೀರು ಕಾಯಿಸಿಕೊಡ್ರಿ” ಎಂದು ಮಗಳು ಅಪ್ಪನನ್ನು ಕೇಳಿದಳು.

“ಅಭ್ಯಾಸ ಆಗ್ತೈತೆ ತಾಯಿ” ಎಂದ ನಾಗರಾಜಪ್ಪ, ಬಹಳ ಮಮತೆಯಿಂದ.

ಅದೇ ಹೊತ್ತಿಗೆ ಕುಲದ ಹಿರಿಯರು ಒಂದು ಕಟ್ಟಳೆ ಮಾಡಲು ಹೊರಟಿದ್ದರು. ಸೌದೆಯ ಬರಗಾಲದಲ್ಲಿ ಕೇರಿಯ ಎಲ್ಲ ಮನೆಗಳೂ ನಾಗರಾಜಪ್ಪನ ಹಾದಿ ಹಿಡಿಯಬೇಕು: ಒಂದು ಹೊತ್ತು ಒಲೆ, ಒಂದು ದೀಪ, ಮೀಯಲು ಕೊಪ್ಪರಿಗೆಯ ನೀರು. ಹಿರಿಯ ಪೆದ್ದಣ್ಣ, ಅವನ ಜೊತೆಗೆ ಪಾತಣ್ಣ, ಇಬ್ಬರೂ ಖುದ್ದಾಗಿ ನೋಡಿಹೋಗಲು ಬಂದರು. ಆ ದಿನ ಕೂಸು ಬೆಳಗಿನಿಂದ ಒಮ್ಮೆಯೂ ಹಾಲು ಹಿಡಿದಿರಲಿಲ್ಲ.

“ಕೂಸಿನ ಅಳು ನಿಲ್ಸೇ, ದೊಡ್ಡೋರು ಬಂದವ್ರೆ. ಕೈಕಾಲಿಗೆ ನೀರು ಕೊಡು” ಎಂದು ನಾಗರಾಜಪ್ಪ ಒಳಗೆ ಕೂಗಿದ.

ಗೋವಿಂದಮ್ಮ ಎರಡು ಚೊಂಬು ತಂದಿಟ್ಟಳು. ಹೊಗೆಯಾಡುವ ನೀರು. ನಾತ ಕೇರಿಯಲ್ಲೆಲ್ಲ ಇದ್ದದ್ದೇ ಎಂದುಕೊಂಡು, ಚಳಿಗೆ ಬಿಸಿನೀರು ಕೊಟ್ಟಳೆಂದು ಪೆದ್ದಣ್ಣ ಖುಷಿಯಿಂದ ಬೊಗಸೆ ತುಂಬಿ ಮುಖಕ್ಕೆ ಹಾಕಿಕೊಂಡ. ಬಾಯಿಗೂ ಹಾಕಿ ಮುಕ್ಕಳಿಸಿದ. ಆಮೇಲೆ ಉಗುಳಿದ, ಕೆಮ್ಮಿದ, ಓಕರಿಸಿದ. ಕಣ್ಣು ಉರಿದು ನೀರು ಸುರಿಯಿತು.

“ಏನಮ್ಮಾ ಇದು, ಹೆಣ ತೊಳೆದ ನೀರಾ?”

“ಬಾಣಂತಿ ಮೀಯೋ ನೀರು ಪೆದ್ದಣ್ಣಾರೆ. ಕೇರಿಗೆಲ್ಲ ಇದೇ ಆಗಬೇಕು ಅಂತ ನೀವೇ ಅಂದ್ರಂತೆ. ನೀವೂ ಒಂದು ಸಲ ನೋಡಬೇಕಲ್ಲ.”

“ಏಮೇ” ಎಂದು ನಾಗರಾಜಪ್ಪ ಎದ್ದ.

ಅವಳು ಒಳಗೆ ಹೋಗಿ ಕೂಸನ್ನು ತಂದು, ಸುತ್ತಿದ್ದ ಬಟ್ಟೆ ಬಿಚ್ಚಿ, ಇಬ್ಬರ ಮುಂದೆ ಹಿಡಿದಳು. ಸುಲಿದ ತೊಡೆ, ರಸಿಗೆ ಕಟ್ಟಿದ ಕತ್ತು. ಪಾತಣ್ಣ ಬೇರೆ ಕಡೆ ನೋಡುತ್ತ ಹೇಳಿದ:

“ಹೆಂಗಸರ ವಿಷಯ ಇವು. ಒಳಗೆ ಕರ್ಕೊಂಡು ಹೋಗಮ್ಮ.”

“ಒಲೆ ಎಷ್ಟು ಹೊತ್ತು ಉರೀಬೇಕು ಅನ್ನೋದು ಗಂಡಸರ ವಿಷಯ. ಉರಿದದ್ದು ಮಾತ್ರ ಹೆಂಗಸರದಾ?”

ಪೆದ್ದಣ್ಣ ಬಾವಿಕಟ್ಟೆಗೆ ಹೋಗಿ ಮೂರು ಸಲ ಬಾಯಿ ತೊಳೆದು ಬಂದ. “ಲೇ ನಾಗರಾಜಾ, ಬಾಣಂತಿಗೆ ಒಂದು ತಿಂಗಳು ಬಿಡೋ” ಎಂದ. ಅಷ್ಟೇ. ತನ್ನ ನಾಲಗೆಗೆ ತಾಗಿದ್ದಷ್ಟೇ ಅವನಿಗೆ ತಿಳಿಯಿತು.

ಗೋವಿಂದಮ್ಮ ಅವನ ಅಪ್ಪಣೆಗೆ ಕಾದಿರಲಿಲ್ಲ. ಕೂಸನ್ನು ಮಗಳ ಮಡಿಲಿಗಿಟ್ಟು ಹಿತ್ತಲಿಗೆ ಹೋಗಿ, ರೇಷ್ಮೆಯ ಸೌದೆಯ ಒಟ್ಟಿಲಿನಿಂದ ಒಂದು ತೆಕ್ಕೆ ಎಳೆದಳು. ನಾಗರಾಜಪ್ಪ ಅಡ್ಡ ಬಂದ. ಹಿರಿಯರ ಮುಂದೆ ದನಿ ಏರಿಸಲಾಗದೆ ಹಲ್ಲು ಕಚ್ಚಿ ಹೇಳಿದ: “ನಾಳೆ ರೇಷ್ಮೆ ಬೇಯಿಸೋದು ಯಾತರಾಗೆ?”

“ನಿಮ್ಮ ಕಾಲಾಗೆ ಮುಳ್ಳು ಚುಚ್ಚಿಸಿಕೊಂಡು ಆಯ್ಕೊಂಡು ಬರ್ರಿ. ದಾರಿ ನಾನು ತೋರಿಸ್ತೀನಿ.”

ಹೊನ್ನಕ್ಕ ಗೋಡೆಯಾಚೆಯಿಂದ ಎಲ್ಲ ಕೇಳಿಸಿಕೊಂಡಿದ್ದಳು. ಕರೆಯದೆಯೇ ಬಂದಳು, ಬೋಸಿಯಲ್ಲಿ ಕೆಂಡ ಹಿಡಿದು. ಬಾವಿಯ ಒಳ್ಳೆಯ ನೀರಿನಿಂದ ಹಂಡೆ ತುಂಬಿತು. ಈಶ್ವರಮ್ಮನ ಮೈಯಿಂದ ಹಳದಿ ಲೋಳೆ ಕರಗಿ ಹೋಗುವುದಕ್ಕೆ ಅರ್ಧ ಹಂಡೆ ಬೇಕಾಯಿತು. ಕೂಸಿನ ಗಾಯಕ್ಕೆ ಕೊಬ್ಬರಿ ಎಣ್ಣೆ ಸವರಿ ಮಡಿಲಿಗೆ ಹಾಕಿದಾಗ ಅದು ಒಂದೆರಡು ಸಲ ಮುಖ ತಿರುಗಿಸಿ, ಆಮೇಲೆ ಮೊಲೆ ಹಿಡಿಯಿತು.

ಮರುದಿನ ಕಟ್ಟಳೆ ಆಯಿತು. ಒಂದು ಹೊತ್ತು ಒಲೆ, ಒಂದು ದೀಪ, ಮೀಯಲು ಕೊಪ್ಪರಿಗೆಯ ನೀರು, ಎಲ್ಲ ಹಾಗೆಯೇ. ಬಾಣಂತಿ ಮನೆಗೆ ಮಾತ್ರ ತಿಂಗಳ ರಿಯಾಯಿತಿ. ರೇಷ್ಮೆಗೆ ಇಟ್ಟ ಸೌದೆಯನ್ನೇ ಮಗಳಿಗೆ ಉರಿಸಿದ ದೊಡ್ಡ ಮನಸ್ಸು ನಾಗರಾಜಪ್ಪನದು ಎಂದು ಸಭೆಯಲ್ಲಿ ಪಾತಣ್ಣ ಕೊಂಡಾಡಿದ. ನಾಗರಾಜಪ್ಪ ಕೈಮುಗಿದ. ಇಲ್ಲ ಎನ್ನಲಿಲ್ಲ.

ಆ ಸುದ್ದಿಯನ್ನು ಹೊನ್ನಕ್ಕ ಬಚ್ಚಲಿಗೆ ತಂದಳು. ಮಗಳ ಬೆನ್ನು ತಿಕ್ಕುತ್ತಿದ್ದ ಗೋವಿಂದಮ್ಮ ಕೈ ನಿಲ್ಲಿಸಿ ಕೇಳಿದಳು. ಬಾಯಲ್ಲಿದ್ದ ಎಲೆಯಡಿಕೆಯನ್ನು ಮೋರಿಗೆ ಉಗಿದಳು. “ಇನ್ನೊಂದು ಸೌದೆ ತುರುಕೆ” ಎಂದು ಹೊನ್ನಕ್ಕನಿಗೆ ಹೇಳಿ, ಮಗಳ ಸೊಂಟಕ್ಕೆ ನೀರು ಬೀಸಿದಳು.