ಕಾಕು ತಿಕ್ಕಿದ ರೋಮಿನ ನಾಣ್ಯ

ದೀಪಾವಳಿಗೆಂದು ಬೆಳ್ಳಿ ದೀಪಗಳನ್ನು ತಿಕ್ಕಲು ಕೂತಿದ್ದೆ. ಒದ್ದೆ ವಿಭೂತಿಯ ವಾಸನೆ ಮೂಗಿಗೆ ಬಡಿದದ್ದೇ ತಡ, ಕ್ಯಾಲಿಫೋರ್ನಿಯಾದ ಡ್ಯಾನ್‌ವಿಲ್‌ನ ಈ ಅಡುಗೆಮನೆ ಮರೆತು ಮೌಂಟನ್ ವ್ಯೂನ ಹಳೆಯ ಅಪಾರ್ಟ್‌ಮೆಂಟು ಕಣ್ಮುಂದೆ ಬಂತು... ಅಲ್ಲಿ ಪಕ್ಕದ ಮನೆಯಲ್ಲಿದ್ದ, ಚಿಕ್ಕಮ್ಮನಂತಿದ್ದ ಹುಬ್ಬಳ್ಳಿಯ ಕಾಕು ನೆನಪಿಗೆ ಬಂದರು.

ಡಾಟ್‌ಕಾಂ ಕಂಪನಿಗಳು ನಾಯಿಕೊಡೆಗಳಂತೆ ಎದ್ದಿದ್ದ ಕಾಲ. ನಾನು ಮಂಡ್ಯದವಳು, ಚೊಚ್ಚಲ ಬಸುರಿ. ಅಮ್ಮನಿಗೆ ವೀಸಾ ಸಿಕ್ಕಿರಲಿಲ್ಲ. "ಬಾಣಂತನಾ ನಾ ಮಾಡ್ತೀನವಾ, ನೀ ಸುಮ್ನ ಉಣ್ಣು" ಎಂದಿದ್ದರು ಕಾಕು. ಆ ಒಂದು ಮಾತಿನ ಮೇಲೆ ನಾನು ನಿಶ್ಚಿಂತೆಯಾಗಿ ನಿದ್ದೆ ಮಾಡುತ್ತಿದ್ದೆ.

ಅವರ ಯಜಮಾನರಿಗೆ, ಅಂದರೆ ನಮ್ಮೆಲ್ಲರ ಕಾಕಾನಿಗೆ, ಪ್ರಾಚೀನ ರೋಮನ್ ಬೆಳ್ಳಿ ನಾಣ್ಯಗಳ ಹುಚ್ಚು. ಒಂದು ಕಡೆ ಎಲೆಗಳ ಕಿರೀಟ ತೊಟ್ಟ ಚಕ್ರವರ್ತಿಯ ಮುಖ, ಇನ್ನೊಂದು ಕಡೆ ಹಣ್ಣು ತುಂಬಿದ ಕೊಂಬು ಹಿಡಿದು ನಿಂತ ದೇವಿ. "ರಾಜರು ಬದಲಾಗ್ತಾರ, ದೇವಿ ಅಕಿನ ಇರ್ತಾಳ" ಎನ್ನುತ್ತಿದ್ದರು. ಶತಮಾನಗಳ ಕಪ್ಪು ಕೂತಿದ್ದ ಆ ನಾಣ್ಯಗಳನ್ನು ಅಂಚಿನಲ್ಲೇ ಹಿಡಿಯಬೇಕು, ಒರೆಸಲೂ ಕೂಡದು; ಆ ಕಪ್ಪಿಗೇ ಬೆಲೆಯಂತೆ.

ಆ ದೀಪಾವಳಿಯಲ್ಲಿ ಕಾಕು ಅದರಲ್ಲೊಂದನ್ನು ವಿಭೂತಿ ಹಚ್ಚಿ ಫಳಫಳ ತಿಕ್ಕಿ, ದೇವಿಗೆ ಕುಂಕುಮವಿಟ್ಟು ಪೂಜೆಗೆ ಕೂರಿಸಿಬಿಟ್ಟರು! ಕಾಕಾ ತಲೆ ಮೇಲೆ ಕೈಹೊತ್ತು ಕೂತರು.

"ಅಷ್ಟು ವರ್ಷದ ಕಪ್ಪು ಹೋತಲ್ಲಾ! ಅಕಿ ರೋಮಿನಾಕಿ, ನಿನ್ನ ಲಕ್ಷ್ಮಿ ಅಲ್ಲ."

"ಎಲ್ಲಿಯಾಕಿ ಆದ್ರೇನ್ರೀ, ಹಬ್ಬದಾಗ ಮಾರಿ ತೊಳೀಬ್ಯಾಡೇನು?"

ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಕೊನೆಗೆ ಕಾಕಾ ಕೂಡ ನಕ್ಕರು, ಪಾಪ.

ಸಂಕ್ರಾಂತಿಯ ಹೊತ್ತಿಗೆ ಕಾಕಾನ ಕಂಪನಿ ಮುಚ್ಚಿತು. ವೀಸಾ ಕಂಪನಿಯದು, ಊರಿಗೆ ಹೊರಡದೆ ಗತಿಯಿರಲಿಲ್ಲ. ನನಗಿನ್ನೂ ಎಂಟನೇ ತಿಂಗಳು. ಹೊರಡುವ ಬೆಳಿಗ್ಗೆ ಕಾಕು ನನ್ನ ಸೆರಗಿಗೆ ಅಕ್ಕಿ, ಕೊಬ್ಬರಿ, ರವಿಕೆ ಕಣ ಹಾಕಿ ಉಡಿ ತುಂಬಿದರು. ಉಡಿಗೊಂದು ನಾಣ್ಯವೂ ಬೇಕಲ್ಲ, ತಾವು ತಿಕ್ಕಿದ್ದ ಆ ರೋಮಿನ ನಾಣ್ಯವನ್ನೇ ಇಟ್ಟರು. ನಾನು ಗಾಬರಿಯಿಂದ ಕಾಕಾನನ್ನು ನೋಡಿದೆ. ಅವರು ಸುಮ್ಮನೆ ಗೋಣು ಹಾಕಿದರು.

"ನಾ ಇರೂದಿಲ್ಲವಾ, ಈಕಿ ಇರ್ತಾಳ" ಎಂದರು ಕಾಕು. ನಾನು ಬಿಕ್ಕಿಬಿಕ್ಕಿ ಅತ್ತೆ.

ಮಗಳು ಹುಟ್ಟಿದಾಗ ಎಣ್ಣೆ ಹಚ್ಚಿ ನೀರೆರೆಯಲು ಯಾರೂ ಇರಲಿಲ್ಲ. ನಾಣ್ಯ ದಿಂಬಿನ ಕೆಳಗಿತ್ತು. ಮತ್ತೆ ಕಾಕುವನ್ನು ನೋಡಲಾಗಲೇ ಇಲ್ಲ... ಹೋದ ವರ್ಷ ಅವರು ತೀರಿಕೊಂಡರೆಂದು ಕಾಕಾ ಫೋನು ಮಾಡಿದ್ದರು.

"ಅಮ್ಮಾ, ದಿಸ್ ಒನ್ ಈಸ್ ಸೋ ಡರ್ಟಿ" ಎನ್ನುತ್ತಾ ಈಗ ಮಗಳು ಆ ನಾಣ್ಯವನ್ನೂ ದೀಪಗಳ ಜೊತೆ ನನ್ನ ಮುಂದಿಟ್ಟಳು. ಬೆಳ್ಳಿ ಮತ್ತೆ ಕಪ್ಪಾಗಿದೆ. ದೇವಿಯ ಬಟ್ಟೆಯ ಮಡಿಕೆಯಲ್ಲಿ ಒಂದು ಚೂರು ಕುಂಕುಮ ಇನ್ನೂ ಅಂಟಿಕೊಂಡಿದೆ.

"ಇದೊಂದು ಬೇಡ ಕಣೇ" ಎಂದೆ. ತಿಕ್ಕಿದರೆ ಅದೂ ಹೋಗುತ್ತದೆ.