ಹಡಗಿನ ಪುಸ್ತಕದಲ್ಲಿಲ್ಲದ ಕೆಜಾಯಾ

ಗಾಸ್ಪೋರ್ಟ್ ಎಂಬ ಬಂದರಿನ ಊರಿನಲ್ಲಿ ಕೆಜಾಯಾ ಪೆಲ್ಲಿಂಗಳ ಬಾಯಿಗೆ ಹೆದರದವರು ಇಬ್ಬರೇ ಇಬ್ಬರು. ಒಬ್ಬರು ಚರ್ಚಿನ ಪಾದ್ರಿ, ಅವರಿಗೆ ಕಿವಿ ಕೇಳಿಸುತ್ತಿರಲಿಲ್ಲ. ಇನ್ನೊಬ್ಬ ಜೇಬೆಸ್ ಟಲ್, ಅವನು ಕೇಳಿಸಿದರೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತಿರಲಿಲ್ಲ. ಅರವತ್ತು ದಾಟಿದರೂ ಕೆಜಾಯಾ ನಾವಿಕರ ಅಂಗಿಗಳನ್ನು ಒಗೆದು, ಹಿಂಡಿ, ಬಂದರಿನ ಗಾಳಿಗೆ ಹರವುತ್ತ, ಹಾದುಹೋಗುವವರನ್ನೆಲ್ಲ ಒಂದಿಷ್ಟು ಗದರಿಸುತ್ತ ಹಾಯಾಗಿದ್ದಳು. ಗಂಡ ಸೈಲಸ್ ತೀರಿಕೊಂಡು ಹದಿನೆಂಟು ವರ್ಷವಾಗಿತ್ತು. ಒಬ್ಬನೇ ಮಗ ಓಬೆಡ್ ಬ್ರೆಡ್ಡು ಸುಡುವ ಅಂಗಡಿ ಇಟ್ಟಿದ್ದ.

ಸೈಲಸ್ ಎಪ್ಪತ್ನಾಲ್ಕು ತೋಪಿನ ಯುದ್ಧದ ಹಡಗಿನಲ್ಲಿ ಸಿಡಿಮದ್ದಿನ ಕೋಣೆಯ ಯಜಮಾನನಾಗಿದ್ದ. ಅಂಥವರ ಹೆಂಡಂದಿರು ಹಡಗಿನಲ್ಲೇ ಸಂಸಾರ ಮಾಡುತ್ತಿದ್ದದ್ದು ಆ ಕಾಲಕ್ಕೆ ಎಲ್ಲರಿಗೂ ಗೊತ್ತಿತ್ತು, ಹಡಗಿನ ಪುಸ್ತಕವೊಂದನ್ನು ಬಿಟ್ಟು. ಹೆಂಗಸರ ಹೆಸರನ್ನು ಬರೆದುಕೊಳ್ಳುವ ಪದ್ಧತಿಯೇ ಇರಲಿಲ್ಲ. ಹೆಸರಿಲ್ಲದವರಿಗೆ ಊಟವೂ ಇಲ್ಲ. ಗಂಡನ ಪಾಲಿನ ಬಿಸ್ಕತ್ತು, ಉಪ್ಪು ಮಾಂಸದಲ್ಲೇ ಇಬ್ಬರೂ ಹೊಟ್ಟೆ ಹೊರೆಯಬೇಕು. ಕೆಜಾಯಾ ಎದುರಿಗೆ ಸಿಕ್ಕರೆ ಕ್ಯಾಪ್ಟನ್ ಸಾಹೇಬರು ತಲೆಯೆತ್ತಿ ಹಾಯಿ ನೋಡುತ್ತಿದ್ದರು. ಕಂಡರೆ ಅವಳನ್ನು ಹಡಗಿನಿಂದ ಇಳಿಸಬೇಕಾಗುತ್ತದಲ್ಲ!

ಟ್ರಫಾಲ್ಗರ್ ಎಂಬಲ್ಲಿ ಸಮುದ್ರಕದನ ನಡೆದ ದಿನ ಅವಳು ತುಂಬು ಗರ್ಭಿಣಿ. ನಡುಮಧ್ಯಾಹ್ನಕ್ಕೆ ತೋಪುಗಳು ಗುಡುಗಲು ಶುರುವಾಗಿ, ಮದ್ದು ಹೊರುವವರು ಒಬ್ಬೊಬ್ಬರಾಗಿ ಬಿದ್ದರು. ಆಗ ಗಂಡನ ಚಲ್ಲಣ ಏರಿಸಿ, ತಲೆಗೆ ಬಟ್ಟೆ ಬಿಗಿದು, ಮದ್ದಿನ ಚೀಲ ಅಪ್ಪಿಕೊಂಡು ಓಡಿದಳು. "ಬೇಡ ಕಣೇ!" ಎಂದು ಸೈಲಸ್ ಕೂಗಿದ. ಕೂಗುತ್ತಲೇ ಮುಂದಿನ ಚೀಲವನ್ನೂ ಕೈಗಿಟ್ಟ. ಸಂಜೆ ಗೆದ್ದೆವೆಂಬ ಕೇಕೆ ಏಳುವಷ್ಟರಲ್ಲಿ ಹಡಗಿನ ತಳದಲ್ಲಿ ಓಬೆಡ್ ಹುಟ್ಟಿ ಕಿರುಚುತ್ತಿದ್ದ.

ತಲೆಗೆ ಪಟ್ಟಿ ಸುತ್ತಿಕೊಂಡಿದ್ದ ಕ್ಯಾಪ್ಟನ್‌ಗೆ ಗೆದ್ದ ಖುಷಿ. ದೊಡ್ಡಮನೆತನದವರ ತೊಟ್ಟಿಲ ಕೂಸುಗಳ ಹೆಸರನ್ನು ಹಡಗಿನ ಪುಸ್ತಕದಲ್ಲಿ ಕದ್ದು ಬರೆಸುವ ಚಾಳಿ ಆಗ ಇದ್ದೇ ಇತ್ತು. "ನಮ್ಮವನದೂ ಇರಲಿ" ಎಂದು, "ಓಬೆಡ್ ಪೆಲ್ಲಿಂಗ್, ಹುಡುಗ, ಮೂರನೇ ದರ್ಜೆ" ಅಂತ ಅದೇ ತಾರೀಖಿಗೆ ಬರೆಸಿಬಿಟ್ಟರು. ಹಲ್ಲಿಲ್ಲದ ಆ ನಾವಿಕನ ಪಾಲಿನ ಬಿಸ್ಕತ್ತನ್ನು ಊರು ಮುಟ್ಟುವ ತನಕ ಅವನಮ್ಮ ತಿಂದಳು.

ನಲವತ್ತಕ್ಕೂ ಹೆಚ್ಚು ವರ್ಷ ಕಳೆದ ಮೇಲೆ ಸರ್ಕಾರಕ್ಕೆ ಜ್ಞಾನೋದಯವಾಯಿತು. ಆ ಕದನದಲ್ಲಿ ಇದ್ದು, ಇನ್ನೂ ಬದುಕಿರುವವರು ಬರೆದುಕೊಂಡರೆ ಬೆಳ್ಳಿ ಪದಕ! ಗಾಸ್ಪೋರ್ಟಿನ ಮುದುಕರೆಲ್ಲ ಕೋಟು ಒಗೆಯಲು ಕೊಟ್ಟರು. ಕೆಜಾಯಾಳೂ ಶಾಲೆ ಮೇಷ್ಟ್ರ ಕೈಲಿ ಅರ್ಜಿ ಬರೆಸಿದಳು.

ಅದೇ ಹಡಗಿನಲ್ಲಿ ತೋಪು ಹಾರಿಸಿದ್ದ ಜೇಬೆಸ್ ಹೊಟ್ಟೆ ಹಿಡಿದುಕೊಂಡು ನಕ್ಕ. "ಹಡಗಲ್ಲಿ ಹೆತ್ತಿದ್ದಕ್ಕೆ ಪದಕವಾ? ನಮ್ಮ ಹಡಗಿನ ಬೆಕ್ಕೂ ಮರಿ ಹಾಕಿತ್ತು ಕಣಮ್ಮ, ಅದರದ್ದೂ ಒಂದು ಅರ್ಜಿ ಹಾಕ್ಸು!"

"ನಾನು ಮದ್ದು ಹೊತ್ತಿದ್ದೀನಿ ಕಣೋ, ಮುದಿಗೂಬೆ!"

"ಯಾರು ನೋಡಿದ್ರು?" ಎಂದು ಹೇಳಿ ಹೊರಟೇಹೋದ. ಅವಳ ಮಾತನ್ನು ಯಾವತ್ತು ಪೂರಾ ಕೇಳಿದ್ದ, ಇವತ್ತು ಕೇಳುವುದಕ್ಕೆ!

ಲಂಡನ್ನಿನಿಂದ ಉತ್ತರ ಬಂತು. ಕೆಜಾಯಾ ಪೆಲ್ಲಿಂಗ್ ಎಂಬ ಹೆಸರು ಪುಸ್ತಕದಲ್ಲಿಲ್ಲ. ಆದರೆ ಓಬೆಡ್ ಪೆಲ್ಲಿಂಗ್ ಎಂಬ ಹುಡುಗನಿದ್ದ, ಅವನು ಬದುಕಿದ್ದರೆ ಪದಕ ತೆಗೆದುಕೊಳ್ಳಬಹುದು.

ಓಬೆಡನೋ, ಎದುರು ದಡದ ಪೋರ್ಟ್ಸ್‌ಮತ್‌ಗೆ ದೋಣಿ ಹತ್ತಿದರೆ ಅರ್ಧ ದಾರಿಗೇ ವಾಂತಿ ಮಾಡುವ ಗಂಡು. ಪದಕ ಬಂದಾಗ ನಾಚಿ ನೀರಾದ. ಹದಿನೈದು ದಿನಕ್ಕೆ ರೂಢಿಯಾಯಿತು. ತಿಂಗಳಿಗೆ ಅದನ್ನು ತೊಟ್ಟೇ ಬ್ರೆಡ್ಡು ಮಾರತೊಡಗಿದ. ಗಿರಾಕಿಗಳು ಅವನನ್ನು ಕ್ಯಾಪ್ಟನ್ ಅನ್ನುತ್ತಿದ್ದರು. ಕೆಜಾಯಾಗೆ ಹೊಟ್ಟೆ ಉರಿಯಿತು. ಹೆತ್ತ ಮಗನ ಮೇಲೇ ಹೊಟ್ಟೆಕಿಚ್ಚು ಪಟ್ಟೆನಲ್ಲ ಎಂದು ಅಳುವೂ ಬಂತು.

ಅವಳ ಕಣ್ಣು ಕೆಂಪಗಿದ್ದದ್ದನ್ನು ಓಬೆಡ್ ನೋಡಿದ. "ಅಮ್ಮ, ಇದು ನಿಂದೇ. ನೀನೇ ಹಾಕ್ಕೋ."

"ಅಂಚಲ್ಲಿ ನಿನ್ನ ಹೆಸರು ಕೆತ್ತಿದ್ದಾರೆ. ನಂಗ್ಯಾಕೋ ಬೆಳ್ಳಿ? ನಾನೂ ಅಲ್ಲಿದ್ದೆ ಅಂತ ಯಾರಾದ್ರೂ ಒಂದು ಕಡೆ ಬರೀಲಿ, ಅಷ್ಟು ಸಾಕು."

"ನಿಜ ಹೇಳ್ಬಿಡ್ಲಾ?"

"ಹೇಳಿದ್ರೆ ನಿಂದನ್ನೂ ಕಿತ್ಕೊಂಡು ಹೋಗ್ತಾರೆ. ಬಾಯ್ ಮುಚ್ಕೊಂಡು ಬ್ರೆಡ್ ಸುಡು, ಹೋಗು."

ಅಕ್ಟೋಬರ್ ಇಪ್ಪತ್ತೊಂದಕ್ಕೆ, ಕದನದ ನೆನಪಿಗೆಂದು ಬಂದರಿನ ಹೋಟೆಲಿನಲ್ಲಿ ಮಧ್ಯಾಹ್ನದ ಊಟ. ಪದಕವಿದ್ದವರಿಗೆ ಮಾತ್ರ. ಕೆಜಾಯಾಳೂ ಹೋಗಿದ್ದಳು, ಹಿಂದಿನ ಅಡುಗೆಮನೆಗೆ, ತಟ್ಟೆ ತೊಳೆಯುವ ಕೂಲಿಗೆ. ಉಪ್ಪು ಹಂದಿಮಾಂಸ, ಬಟಾಣಿ ಮುದ್ದೆ ಮುಗಿದು ರಮ್ ಬಂದ ಮೇಲೆ ಅಲ್ಲೊಂದು ಪದ್ಧತಿ. ಒಬ್ಬೊಬ್ಬರೂ ಎದ್ದು ಕದನದಲ್ಲಿ ತಮ್ಮ ಜಾಗ ಯಾವುದೆಂದು ಹೇಳಬೇಕು. ಮೇಜಿನ ತುದಿಯಲ್ಲಿ ಕೂತ ನಿವೃತ್ತ ಲೆಫ್ಟಿನೆಂಟರು ಅದನ್ನು ಊಟದ ಕೂಟದ ಪುಸ್ತಕದಲ್ಲಿ ಬರೆಯಬೇಕು. ಅವರು ಬೇರೆ ಹಡಗಿನವರು, ಓಬೆಡನ ವಿಷಯ ಅವರಿಗೆ ಗೊತ್ತಿರಲಿಲ್ಲ.

"ಎದ್ದೇಳಪ್ಪ ಕ್ಯಾಪ್ಟನ್ನು!" ಜೇಬೆಸನ ಗಂಟಲು ಅಡುಗೆಮನೆಯ ತನಕ ಕೇಳಿಸಿತು. "ನಿನ್ನ ಜಾಗ ಯಾವ್ದು? ಹಿಟ್ಟಿನ ಮೂಟೆ ಹಿಂದೆಯಾ?"

ನಗು ಎದ್ದಿತು. ಕೆಜಾಯಾ ತೊಳೆಯುತ್ತಿದ್ದ ತಟ್ಟೆಯನ್ನು ಬಿಟ್ಟು ಬಾಗಿಲಿಗೆ ಕಿವಿ ಕೊಟ್ಟಳು. ಏನಾದರೂ ಒಂದು ಸುಳ್ಳು ಹೇಳಿ ಕೂತುಬಿಡು ಮಗನೇ ಎಂದು ಬೇಡಿಕೊಂಡಳು.

"ಅವತ್ತು ಮಧ್ಯಾಹ್ನ ಪೂರಾ ನಾನು ನಮ್ಮಮ್ಮನ ಹೊಟ್ಟೇಲಿದ್ದೆ ಸ್ವಾಮಿ," ಓಬೆಡ್ ಎದ್ದು ನಿಂತು ಹೇಳಿದ. "ಅವಳು ಎಲ್ಲೆಲ್ಲಿ ಮದ್ದು ಹೊತ್ತಳೋ ಅಲ್ಲೆಲ್ಲ ನಾನಿದ್ದೆ. ಈ ಪದಕ ವಾಪಸ್ ತಗೊಳ್ಳಿ ಬೇಕಾದ್ರೆ. ಆದ್ರೆ ಪುಸ್ತಕದಲ್ಲಿ ಅವಳ ಹೆಸರು ಬರೀರಿ."

"ಎಲ್ಲಿದ್ದಾರೆ ನಿಮ್ಮ ತಾಯಿ?" ಎಂದು ಲೆಫ್ಟಿನೆಂಟರು ಕೇಳಿದರು.

"ಒಳಗೆ, ನಿಮ್ಮ ತಟ್ಟೆ ತೊಳೀತಿದ್ದಾಳೆ."

ಕೆಜಾಯಾ ಒದ್ದೆ ಕೈಯಲ್ಲೇ ಹೊರಗೆ ಬಂದಳು. ಊರನ್ನೇ ಗದರಿಸುವ ಹೆಂಗಸು ಬಾಗಿಲ ಬಳಿಯೇ ನಿಂತು ಕೈ ಒರೆಸಿಕೊಂಡಳು.

"ನಿಮ್ಮ ಜಾಗ?"

"ಕೆಳಗಿನ ಅಂತಸ್ತು, ಏಳನೇ ತೋಪು. ಈ ಜೇಬೆಸನ ತೋಪೇ."

"ಶುದ್ಧ ಸುಳ್ಳು!" ಜೇಬೆಸ್ ಮೇಜು ಗುದ್ದಿದ. "ನನ್ನ ತೋಪಿಗೆ ಮದ್ದು ತಂದೋನು ಯಾವನೋ ಡೊಳ್ಳುಹೊಟ್ಟೆಯೋನು. ಹೊಗೇಲಿ ಮುಖ ಕಾಣ್ಲಿಲ್ಲ, ಹೊಟ್ಟೆ ಮಾತ್ರ ಇವತ್ತಿಗೂ ನೆನಪಿದೆ. 'ಬೇಗ ಬೇಗ ನಡಿಯೋ ತಿಂಡಿಪೋತ' ಅಂತ ನಾನೇ ಬೈದಿದ್ದೆ, ಆ ಹೊಟ್ಟೆ..."

ಜೇಬೆಸ್ ಕೆಜಾಯಾಳನ್ನು ನೋಡಿದ. ಆಮೇಲೆ ನಿಧಾನವಾಗಿ ತಿರುಗಿ, ನಲವತ್ತು ದಾಟಿದ ಓಬೆಡನನ್ನು ಅಡಿಯಿಂದ ಮುಡಿಯ ತನಕ ನೋಡಿದ.

"ಅಯ್ಯೋ ದೇವ್ರೇ," ಎಂದ. ಎದ್ದು ನಿಂತು ಟೋಪಿ ತೆಗೆದ. "ಬರ್ಕೊಳ್ಳಿ ಸ್ವಾಮಿ. ಏಳನೇ ತೋಪು. ನಾನೇ ನೋಡಿದೀನಿ."

ಲೆಫ್ಟಿನೆಂಟರು ಲೇಖನಿಯನ್ನು ಶಾಯಿಗೆ ಅದ್ದಿದರು. "ಎಷ್ಟು ಹೊತ್ತಿನ ತನಕ ಹೊತ್ತಿರಿ, ಅಮ್ಮ?"

"ಮೂರು ಗಂಟೆ ತನಕ," ಎಂದಳು ಕೆಜಾಯಾ. "ಆಮೇಲೆ ನಂಗೆ ಬೇರೆ ಕೆಲ್ಸ ಇತ್ತು."

ಅವರು ಅದನ್ನೂ ಹಾಗೇ ಬರೆದರು. ಅವಳಿಗೆ ಓದಲು ಬರುತ್ತಿರಲಿಲ್ಲ. ಆದರೂ ಶಾಯಿ ಆರುವ ತನಕ ಅಲ್ಲೇ ನಿಂತು ನೋಡಿದಳು.